ಎಲೆ ಎತ್ತಿದ ಕೈ

ತಿಮ್ಮಣ್ಣನ ಸಂಗತಿಯನ್ನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಥರ. ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ ಕುಡಿದು ಗಲಾಟೆ ಮಾಡಿದ ಅಂತ ಒಬ್ಬ, ಮ್ಯಾನೇಜರನ ಕುತ್ತಿಗೆ ಹಿಡಿದ ಅಂತ ಇನ್ನೊಬ್ಬ. ಎಲ್ಲ ಬೊಗಳೆ. ಅವನು ಕುಡಿಯುವುದೇ ಇಲ್ಲ. ಅವತ್ತು ಆ ಮೇಜಿನಲ್ಲಿ ಅವನ ಎದುರು ಕೂತಿದ್ದವನು ನಾನು, ಬಸ್‌ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿರುವ ವೀರೇಶ. ಆದ್ದರಿಂದ ಸ್ವಲ್ಪ ಹೊತ್ತು ಅವರೆಲ್ಲ ಬಾಯಿ ಮುಚ್ಚಿಕೊಂಡಿರಲಿ.

ತಿಮ್ಮಣ್ಣನದು ಮರಗಸಿ ಕೆಲಸ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ದೊಡ್ಡ ಮರಗಳನ್ನು ಹತ್ತಿ, ನೆರಳು ಜಾಸ್ತಿಯಾದ ಕೊಂಬೆಗಳನ್ನು ಕಡಿದು ಇಳಿಸುವುದು. ಕೊಂಬೆ ಕೆಳಗಿನ ಕಾಫಿ ಗಿಡದ ಮೇಲೆ ಬೀಳಬಾರದು, ತಾನೂ ಬೀಳಬಾರದು. ಐವತ್ತನಾಲ್ಕರ ವಯಸ್ಸಿನಲ್ಲೂ ಅವನು ನೂರಡಿ ಮರದ ತುದಿಯಲ್ಲಿ ನಿಂತು ಬೀಡಿ ಹಚ್ಚುತ್ತಾನೆ. ಸೊಂಟದಲ್ಲಿ ಯಾವಾಗಲೂ ಒಂದು ಕತ್ತಿ. ಮರಗಸಿಯವರಲ್ಲಿ ಒಂದು ನಂಬಿಕೆಯಿದೆ: ಕೆಲಸ ಬಿಟ್ಟು ಕೂತಾಗ ಕತ್ತಿಗಳನ್ನು ಒಂದರ ಮೇಲೊಂದು ಅಡ್ಡ ಇಡಬಾರದು, ಇಟ್ಟರೆ ಅಂದು ಜಗಳ ಗ್ಯಾರಂಟಿ. ಪಕ್ಕಪಕ್ಕ ನೇರವಾಗಿ ಮಲಗಿಸಬೇಕು. ತಿಮ್ಮಣ್ಣ ಅದನ್ನು ತಪ್ಪದೆ ಪಾಲಿಸುತ್ತಿದ್ದ. ಅವನ ಮಟ್ಟಿಗೆ ಅದರಿಂದ ಮೂರುಕಾಸಿನ ಪ್ರಯೋಜನವೂ ಆಗಲಿಲ್ಲ ಅನ್ನುವುದು ಬೇರೆ ಮಾತು.

ಇಪ್ಪತ್ತೆಂಟು ವರ್ಷದ ಹಿಂದೆ ಸೀತೂರಿನಲ್ಲಿ ಒಂದು ಮದುವೆ. ಅಡಿಗೆಗೆ ಬೇಕಾದ ಸೌದೆಯನ್ನೆಲ್ಲ ಮೂರು ದಿನ ಒಡೆದು ರಾಶಿ ಹಾಕಿದವನು ತಿಮ್ಮಣ್ಣ. ನಾನು ಸಾರು ಬಡಿಸುವ ಗುಂಪಿನಲ್ಲಿದ್ದೆ. ಎರಡನೇ ಪಂಕ್ತಿಗೆ ಅವನು ಕೂತ. ಅನ್ನ, ಸಾರು, ಪಲ್ಯ ಆಗಿ ಪಾಯಸ ಬಂದಿತ್ತು. ಅಷ್ಟರಲ್ಲಿ ಗಂಡಿನ ಕಡೆಯವರ ಇನ್ನೊಂದು ಬಸ್ಸು ಬಂತು. ಹೆಣ್ಣಿನ ಸೋದರಮಾವ ಗಣಪತಿ, ದೊಡ್ಡ ತೋಟದ ಯಜಮಾನ, ಪಂಕ್ತಿಯೊಳಗೆ ಓಡಿ ಬಂದು, "ಏಳೋ ಏಳೋ, ಬೀಗರು ನಿಂತಿದಾರೆ, ನೀನು ಆಮೇಲೆ ಉಣ್ಣು" ಅಂತ ತಿಮ್ಮಣ್ಣನ ತೋಳು ಹಿಡಿದು ಎಳೆದ. ತಿಮ್ಮಣ್ಣ ಏಳಲಿಲ್ಲ. ಗಣಪತಿ ಬಗ್ಗಿ ಅವನ ಮುಂದಿನ ಎಲೆಯನ್ನೇ ಮಡಚಿ ಎತ್ತಿದ. ಪಾಯಸ ತಿಮ್ಮಣ್ಣನ ತೊಡೆಯ ಮೇಲೆ ಸುರಿಯಿತು.

ಊಟಕ್ಕೆ ಕೂತವನನ್ನು ನಡುವೆ ಎಬ್ಬಿಸುವುದು ನಮ್ಮ ಕಡೆ ಕೆನ್ನೆಗೆ ಹೊಡೆಯುವುದಕ್ಕಿಂತ ಕಡೆ. ಚಪ್ಪರದಲ್ಲಿ ಮುನ್ನೂರು ಜನ ಇದ್ದರು. 'ಅವನು ಇನ್ನೂ ಉಣ್ತಾ ಇದಾನೆ' ಅಂತ ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ನಾನು ಎರಡು ಮಾರು ದೂರದಲ್ಲಿ ಸಾರಿನ ಬಕೆಟ್ ಹಿಡಿದು ನಿಂತಿದ್ದೆ. ಗಣಪತಿಯವರ ತೋಟದಲ್ಲಿ ನಮ್ಮಪ್ಪನಿಗೆ ಕೆಲಸ. ನಾನು ಹೇಳಲಿಲ್ಲ.

ತಿಮ್ಮಣ್ಣ ಎದ್ದು ಹಿತ್ತಲಿಗೆ ಹೋದ. ಕೈ ತೊಳೆಯಲು ಹೋದ ಅಂದುಕೊಂಡೆವು. ತೆಂಗಿನಕಾಯಿ ಒಡೆಯುವ ಕತ್ತಿ ಹಿಡಿದು ವಾಪಸ್ ಬಂದ. ಗಣಪತಿ ಅದೇ ಜಾಗಕ್ಕೆ ಹೊಸ ಎಲೆ ಹಾಕಿ ಉಪ್ಪಿನಕಾಯಿ ಬಡಿಸುತ್ತಿದ್ದ. ತಿಮ್ಮಣ್ಣ ಅವನ ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದು ಒಂದೇ ಏಟು ಹಾಕಿದ. ಎರಡು ಬೆರಳು ಎಲೆಯ ತುದಿಯಲ್ಲಿ, ಉಪ್ಪಿನಕಾಯಿಯ ಪಕ್ಕ ಬಿದ್ದವು. ಗಣಪತಿ ಕಿರುಚಿದ್ದು ನನಗೆ ನೆನಪಿಲ್ಲ. ತಿಮ್ಮಣ್ಣ ಕತ್ತಿಯನ್ನು ಬಾಳೆಎಲೆಗೆ ಒರೆಸಿ ನೇರವಾಗಿ ಮಲಗಿಸಿದ್ದು ನೆನಪಿದೆ. ಮಧುಮಗಳು ಅಲ್ಲೇ ವಾಂತಿ ಮಾಡಿಕೊಂಡಳು.

ನಾಲ್ಕು ವರ್ಷ ಜೈಲು. ಅಲ್ಲೂ ತಟ್ಟೆಗೆ ಕೈ ಹಾಕಿದ ಒಬ್ಬನ ದವಡೆ ಮುರಿದು ಆರು ತಿಂಗಳು ಜಾಸ್ತಿ ಮಾಡಿಕೊಂಡ. ಹೊರಗೆ ಬಂದ ಮೇಲೆ ಕೊಪ್ಪದ ಒಂದು ಹೋಟೆಲಿನಲ್ಲಿ, ಮೇಜು ಒರೆಸುವವನು ಅವನ ಇಡ್ಲಿ ತಟ್ಟೆಯನ್ನು ಸ್ವಲ್ಪ ಸರಿಸಿದ ಅಂತ ಬಿಸಿ ಸಾಂಬಾರನ್ನು ಮುಖಕ್ಕೆ ಎರಚಿದ. ಅಂದಿನಿಂದ ಅವನು ಬಂದರೆ ಎಲ್ಲ ಹೋಟೆಲಿನವರೂ ಕೇಳುವ ಮೊದಲೇ ಪಾರ್ಸೆಲ್ ಕಟ್ಟಿ ಕೊಡುತ್ತಿದ್ದರು. ಮದುವೆ, ತಿಥಿ, ಗೃಹಪ್ರವೇಶ, ಎಲ್ಲಿಗೆ ಹೋದರೂ ಅವನು ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಅಡಿಗೆ ಮನೆಯ ಹಿಂದೆ ನಿಂತು, ಕೈಯಲ್ಲಿ ಹಿಡಿದ ಬಟ್ಟಲಲ್ಲಿ ನಾಯಿಯ ಹಾಗೆ ಗಬಗಬ ತಿಂದು ಹೋಗುತ್ತಿದ್ದ.

ಮನೆಯಲ್ಲೂ ಅದೇ ಪಾಡು. ಒಮ್ಮೆ ಹೆಂಡತಿ ಕುಸುಮಾ ಚೆಲ್ಲಿದ ಮಜ್ಜಿಗೆ ಒರೆಸಲು ಅವನ ತಟ್ಟೆಯನ್ನು ಎರಡು ಬೆರಳಷ್ಟು ಸರಿಸಿದಳು. ಹಿತ್ತಾಳೆ ಚೊಂಬು ಅವಳ ಹುಬ್ಬನ್ನು ಸೀಳಿತು. ಆರು ವರ್ಷದ ಮಗಳು ನಿಶ್ಚಿತಾ ಅಮ್ಮನ ಮುಖದ ರಕ್ತವನ್ನು ತನ್ನ ಲಂಗದಲ್ಲಿ ಒರೆಸಿದಳಂತೆ. ಆಮೇಲೆ ಆ ಮನೆಯಲ್ಲಿ ಅವನು ಕೈ ತೊಳೆದು ಅಂಗಳ ದಾಟುವವರೆಗೆ ತಟ್ಟೆ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಆ ನಿಶ್ಚಿತಾ ಹೋಟೆಲ್ ಕೆಲಸವನ್ನೇ ಕಲಿತಳು. ಮಂಗಳೂರಿನ ಒಂದು ಐಷಾರಾಮಿ ಹೋಟೆಲಿನಲ್ಲಿ ಎರಡು ವರ್ಷದಿಂದ ಊಟದ ಹಾಲಿನಲ್ಲಿ ಬಡಿಸುವ, ತಟ್ಟೆ ತೆಗೆಯುವ ಕೆಲಸ. ಕಳೆದ ಫೆಬ್ರವರಿಯಲ್ಲಿ ತಿಂಗಳ ಒಳ್ಳೆಯ ಕೆಲಸಗಾರ್ತಿ ಅಂತ ಅವಳಿಗೆ ಬಹುಮಾನ ಬಂತು: ಮನೆಯ ಇಬ್ಬರಿಗೆ ಭಾನುವಾರದ ಬ್ರಂಚ್ ಕೂಪನ್. ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿ ನನ್ನ ಅಂಗಡಿಯಲ್ಲೇ ಮಾತಾಡಿದ.

"ಬ್ರಂಚ್ ಅಂದ್ರೆ ಎಂತದೇ?"

"ತಿಂಡಿ, ಊಟ ಎರಡೂ ಸೇರಿ ಅಪ್ಪಯ್ಯ. ಹನ್ನೊಂದರಿಂದ ಮೂರೂವರೆವರೆಗೆ ಕೂತ್ಕೊಂಡೇ ಇರ್ಬಹುದು. ಬೇಕಾದ್ದು ಬೇಕಾದಷ್ಟು ತಿನ್ಬಹುದು. ಇಲ್ಲಿ ಯಾರೂ ಯಾರನ್ನೂ ಎಬ್ಬಿಸಲ್ಲ."

ಅವಳೇ ಮುಂದುವರಿಸಿದಳು. "ನೀನು ನಾಲ್ಕು ಜನರ ನಡುವೆ ಕೂತು ಹೊಟ್ಟೆ ತುಂಬ ಉಣ್ಣೋದು ನಾನು ಹುಟ್ಟಿದ್ಮೇಲೆ ಒಂದು ಸಲನೂ ನೋಡಿಲ್ಲ. ಒಂದೇ ಒಂದು ಸಲ ನೋಡ್ಬೇಕು. ಆದ್ರೆ ಅವತ್ತು ನನ್ನ ಡ್ಯೂಟಿ ಇರ್ತದೆ. ಸೋಮವಾರ ಪರ್ಮನೆಂಟ್ ಲೆಟರ್ ಕೊಡೋರು. ಕೈ ಎತ್ತಿದ್ರೆ ನನ್ನ ಕೆಲಸ ಹೋಯ್ತು, ಮತ್ತೆ ನಾನು ಆ ಮನೆಗೆ ಕಾಲಿಡಲ್ಲ."

"ಎತ್ತಲ್ಲ" ಅಂದ ತಿಮ್ಮಣ್ಣ. ಮಗಳ ತಲೆಯ ಮೇಲೆ ಆಣೆ ಇಟ್ಟ.

ಕುಸುಮಾ ಬರಲಿಲ್ಲ. "ಅವರ ಪಕ್ಕ ಕೂತು ಉಣ್ಣೋ ಧೈರ್ಯ ನನಗಿಲ್ಲ ವೀರೇಶಣ್ಣ, ನೀವೇ ಹೋಗಿ" ಅಂತ ಕೂಪನನ್ನು ನನ್ನ ಕೈಗೆ ತುರುಕಿದಳು. ಬಸ್ಸು ಹತ್ತುವ ಮೊದಲು ನಾನು ಹಟ ಹಿಡಿದು ಅವನ ಕತ್ತಿಯನ್ನು ಬಿಚ್ಚಿಸಿ ಅಂಗಡಿಯ ಟ್ಯೂಬುಗಳ ಹಿಂದೆ ಇಟ್ಟೆ. ಶೃಂಗೇರಿ, ಕಾರ್ಕಳ ದಾಟಿ ಮಂಗಳೂರು ಮುಟ್ಟುವವರೆಗೂ ಅವನು ಖಾಲಿ ಸೊಂಟವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೋಟೆಲಿನ ಬಾಗಿಲಲ್ಲಿ ಒಬ್ಬ ಮೆಷಿನ್ ಹಿಡಿದು ನಮ್ಮ ಮೈಯೆಲ್ಲ ತಡಕಿದ. ನನ್ನ ಜೇಬಿನ ಸ್ಪ್ಯಾನರ್ ಸಹ ಕಿತ್ತುಕೊಂಡ. ಒಳಗೆ ಹೋಗಿ ಕೂತರೆ ಅವರೇ ಮೇಜಿನ ಮೇಲೆ ತಲೆಗೆರಡರಂತೆ ಚಾಕು ಇಟ್ಟಿದ್ದಾರೆ! ದೊಡ್ಡವರ ಬುದ್ಧಿ ನನಗೆ ಅರ್ಥವಾಗುವುದಿಲ್ಲ. ಗಾಜಿನ ಗೋಡೆ, ಆಚೆ ನದಿ, ಮೂಲೆಯಲ್ಲಿ ಗಿಟಾರ್ ಬಾರಿಸುವವನು, ಮಕ್ಕಳಿಗೆ ಬಲೂನು. ಒಂದು ಕಡೆ ದೋಸೆ, ಒಂದು ಕಡೆ ಮೀನು, ನಡುವೆ ಇಡೀ ಕುರಿತೊಡೆ ಸುಟ್ಟು ನಿಲ್ಲಿಸಿ ಉದ್ದ ಟೋಪಿಯವನೊಬ್ಬ ಅದನ್ನು ಕೊಯ್ದು ಕೊಯ್ದು ಕೊಡುತ್ತಿದ್ದ.

ಕರಿ ಕೋಟು ಹಾಕಿದ ನಿಶ್ಚಿತಾ ಬಂದು ಅಪ್ಪನ ಅಂಗಿಯ ಕಾಲರ್ ಸರಿ ಮಾಡಿದಳು. ಚಮಚ, ಫೋರ್ಕು ತೋರಿಸಿ ಹೇಳಿಕೊಟ್ಟಳು. "ಇನ್ನೂ ಉಣ್ಣೋದಿದ್ರೆ ಎರಡನ್ನೂ ತಟ್ಟೆ ಮೇಲೆ ಹೀಗೆ ಅಡ್ಡ ಇಡು. ಜೋಡಿಸಿ ಇಟ್ರೆ ಮುಗೀತು ಅಂತ. ಮರೀಬೇಡ ಅಪ್ಪಯ್ಯ." ಅಷ್ಟು ಹೇಳಿ ಓಡಿದಳು. ಅಂದು ಹಾಲು ಗಿಜಿಗಿಜಿ, ಕೆಲಸಕ್ಕೆ ಜನ ಕಡಿಮೆ.

ಮೊದಲ ತಟ್ಟೆಯನ್ನು ತಿಮ್ಮಣ್ಣ ಎಡತೋಳಿನಿಂದ ಸುತ್ತುವರಿದು ತಿಂದ. ಜೈಲಿನಲ್ಲಿ ಕಲಿತದ್ದು. ತಟ್ಟೆ ತೆಗೆಯುವವರು ಪಕ್ಕದ ಮೇಜಿಗೆ ಬಂದರೂ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಆದರೆ ಯಾರೂ ಬರಲಿಲ್ಲ, ಯಾರೂ ಏಳು ಅನ್ನಲಿಲ್ಲ. ಎರಡನೇ ತಟ್ಟೆಗೆ ಆ ತೋಳು ಸ್ವಲ್ಪ ಸಡಿಲವಾಯಿತು. ಮೂರನೆಯದಕ್ಕೆ ಕುರಿಮಾಂಸ, ಅರ್ಧ ದೋಸೆ, ಒಂದು ಪುಟ್ಟ ಬಟ್ಟಲು ಶಾವಿಗೆ ಪಾಯಸ ತಂದುಕೊಂಡ. ಪಾಯಸವನ್ನು ಕೊನೆಗೆ ಅಂತ ತಟ್ಟೆಯ ಅಂಚಿಗೆ ಇಟ್ಟುಕೊಂಡ. ತೋಳು ತೆಗೆದು ಕುರ್ಚಿಗೆ ಒರಗಿ ಕೂತ. ಆ ಮುಖದಲ್ಲಿ ನಗು ನೋಡಿ ನನಗೆ ಗುರುತೇ ಸಿಗಲಿಲ್ಲ. ದೂರದಿಂದ ನಿಶ್ಚಿತಾಳೂ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು, ನಾನು ಕಂಡೆ.

"ಆ ಟೋಪಿಯವನಿಗೆ ಚಾಕು ಹಿಡಿಯೋಕೇ ಬರಲ್ಲ ಮಾರಾಯ" ಅಂದ ತಿಮ್ಮಣ್ಣ. "ಎಳೆಗೆ ಅಡ್ಡ ಕೊಯ್ಬೇಕು. ಅವನು ಉದ್ದಕ್ಕೆ ಎಳೀತಾನೆ, ನೋಡು." ತೋರಿಸಲೆಂದು ಮಾಂಸದ ಚಾಕುವನ್ನು ಕೈಗೆತ್ತಿಕೊಂಡ. ಮರದ ಹಿಡಿಯ, ಹರಿತವಾದ ಚಾಕು. ಇನ್ನೊಂದು ಕೈಯಿಂದ ಚಮಚ, ಫೋರ್ಕನ್ನು ತಟ್ಟೆಯ ಮೇಲೆ ಪಕ್ಕಪಕ್ಕ, ನೇರವಾಗಿ ಮಲಗಿಸಿದ.

"ಅಡ್ಡ ಇಡು ಅಂದ್ಲಲ್ಲೋ ನಿಶ್ಚಿತಾ" ಅಂದೆ.

"ಅಡ್ಡ ಇಡ್ಬಾರ್ದು. ಜಗಳ ಆಗ್ತದೆ. ಇವತ್ತೊಂದು ದಿನ ಬೇಡ" ಅಂದ ಅವನು, ಮುಖವನ್ನು ಕುರಿತೊಡೆಯ ಕಡೆ ತಿರುಗಿಸಿ.

ನಾನು ಒಂದು ದೊಡ್ಡ ಕೇಕಿನ ತುಂಡನ್ನು ಬಾಯಿಗೆ ಹಾಕಿದೆ. ಆಗ ಅವನ ಬೆನ್ನ ಹಿಂದಿನಿಂದ, ಬಲಗಡೆಯಿಂದ, ಕರಿ ತೋಳಿನ ಒಂದು ಕೈ ಬಂತು. ಎರಡು ವರ್ಷ ದಿನಕ್ಕೆ ಇನ್ನೂರು ಸಲ ಪಳಗಿದ ಕೈ ಅದು. ಜೋಡಿಸಿದ ಚಮಚ, ಫೋರ್ಕು ಕಂಡರೆ ಯಾರ ತಟ್ಟೆ ಅಂತ ಕೇಳುವುದಿಲ್ಲ. ನನಗೆ ಆ ಕೈ ಯಾರದೆಂದು ಕಾಣುತ್ತಿತ್ತು. ಕೂಗಬೇಕಿತ್ತು. ಬಾಯಲ್ಲಿ ಕೇಕಿತ್ತು. ಆ ಕೇಕನ್ನು ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಟ್ಟೆ ಸರಿಯಿತು. ಪಾಯಸದ ಬಟ್ಟಲು ಟಣ್ ಅಂದಿತು.

ತಿಮ್ಮಣ್ಣ ತಿರುಗಿ ನೋಡಲಿಲ್ಲ. ಮೊದಲು ಎಡಗೈ ಹೋಗಿ ಆ ಮಣಿಕಟ್ಟನ್ನು ಮೇಜಿಗೆ ಒತ್ತಿತು. ಆಮೇಲೆ ಬಲಗೈ ಇಳಿಯಿತು. ಚಾಕು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಕ್ಕು, ಗೆಣ್ಣಿನವರೆಗೆ ಸೀಳಿ, ಮೇಜಿನ ಬಿಳಿ ಬಟ್ಟೆಗೆ ನಾಟಿತು. ರಕ್ತ ಚಿಮ್ಮಿ ನನ್ನ ಕನ್ನಡಕಕ್ಕೆ ಹಾರಿತು. ಅವಳು ಕಿರುಚಲಿಲ್ಲ. "ಅಪ್ಪಯ್ಯಾ" ಅಂದಳು, ಅಷ್ಟೆ. ಮೆಲ್ಲಗೆ.

ಆಗ ಅವನು ತಲೆಯೆತ್ತಿದ. ಎಷ್ಟೋ ಜನರಿಗೆ ಏಟು ಬಿದ್ದದ್ದನ್ನು ನಾನು ನೋಡಿದ್ದೇನೆ, ಆದರೆ ಆ ಕ್ಷಣ ತಿಮ್ಮಣ್ಣನ ಮುಖದ ಹಾಗೆ ಯಾರದ್ದೂ ಇರಲಿಲ್ಲ. ಕಿತ್ತ ಚಾಕು ಕೈಯಿಂದ ಜಾರಿತು. ಗಿಟಾರ್ ಬಾರಿಸುವವನು ಇನ್ನೂ ಬಾರಿಸುತ್ತಿದ್ದ. ಸುತ್ತಲಿನ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ನಿಶ್ಚಿತಾ ನ್ಯಾಪ್ಕಿನ್ನಿನಿಂದ ಕೈ ಸುತ್ತಿಕೊಂಡಳು, ಅದು ಆಗಲೇ ಕೆಂಪಾಗಿತ್ತು. ಮ್ಯಾನೇಜರ್ ಧಾವಿಸಿ ಬಂದ.

"ಗ್ಲಾಸ್ ಒಡೀತು ಸರ್. ಎತ್ತೋವಾಗ ಕೊಯ್ತು" ಅಂದಳು.

ನೆಲದಲ್ಲಿ ಒಂದು ಚೂರು ಗಾಜೂ ಇರಲಿಲ್ಲ. ಮ್ಯಾನೇಜರ್ ಬಗ್ಗುವಷ್ಟರಲ್ಲಿ ನಾನು ಮೊಣಕೈಯಿಂದ ನನ್ನ ಗ್ಲಾಸನ್ನು ತಳ್ಳಿದೆ. ಮತ್ತೆ ತಿಮ್ಮಣ್ಣನದನ್ನೂ ತಳ್ಳಿದೆ. ಎರಡೂ ಚೂರುಚೂರಾದವು. ಮ್ಯಾನೇಜರ್ ನನ್ನನ್ನು ಹಾಳು ಮುದುಕ ಅನ್ನುವ ಹಾಗೆ ನೋಡಿ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ತರಿಸುತ್ತೇನೆಂದು ಓಡಿದ. ಸೀತೂರಿನಲ್ಲಿ ಬಾಯಿ ಬಿಡದೆ ನಿಂತವನು ಇಪ್ಪತ್ತೆಂಟು ವರ್ಷದ ಮೇಲೆ ಮಾಡಿದ್ದು ಅಷ್ಟೇ.

ಇನ್ನೊಬ್ಬಳು ಹುಡುಗಿ ಮೇಜು ಸರಿಮಾಡಲು ಬಂದು ತಟ್ಟೆಗೆ ಕೈ ಹಾಕಿದಳು. ನಿಶ್ಚಿತಾ ಅವಳನ್ನು ತಡೆದಳು. ಎಡಗೈಯಿಂದ ತಟ್ಟೆಯನ್ನು ಅಪ್ಪನ ಮುಂದಕ್ಕೆ ಸರಿಸಿದಳು. ಚಮಚ, ಫೋರ್ಕನ್ನು ಅಡ್ಡಡ್ಡ ಇಟ್ಟಳು.

"ಎತ್ತಬೇಡ" ಅಂದಳು. "ಅವರು ಇನ್ನೂ ಉಣ್ತಾ ಇದಾರೆ."

ಆಮೇಲೆ ಅಪ್ಪನ ಕಡೆ ನೋಡಿದಳು. ಅವಳ ತುಟಿ ಬೆಳ್ಳಗಾಗಿತ್ತು. "ತಪ್ಪು ನಂದೂ ಇದೆ, ನಾನು ನೋಡ್ಬೇಕಿತ್ತು. ಪಾಯಸ ಉಳಿದಿದೆ, ಉಣ್ಣು ಅಪ್ಪಯ್ಯ. ಮೂರೂವರೆವರೆಗೆ ಟೈಮ್ ಇದೆ. ಯಾರೂ ಎಬ್ಬಿಸಲ್ಲ."

ಅವಳ ತೋರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕೆಲಸ ಉಳಿಯಿತು. ಮನೆಗೆ ಇನ್ನೂ ಬಂದಿಲ್ಲ. ಕೊಪ್ಪದವರು ಏನಾದರೂ ಹೇಳಲಿ, ನಡೆದದ್ದು ಇಷ್ಟು.

ಅವತ್ತು ಅವಳು ಹಾಗಂದ ಮೇಲೆ ತಿಮ್ಮಣ್ಣ ತಟ್ಟೆಯನ್ನು ನೋಡಿದ. ಪಾಯಸದ ಬಟ್ಟಲಿನಲ್ಲಿ ಎರಡು ಕೆಂಪು ಹನಿ ಬಿದ್ದಿದ್ದವು. ಅವನು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಅವು ಬೇರೆ ಯಾರದೋ ಅನ್ನುವಂತೆ ದಿಟ್ಟಿಸಿದ. ತಟ್ಟೆಯನ್ನು ತಾನೇ ದೂರ ತಳ್ಳಿದ. ಒಳಗೆ ಇನ್ನೂರು ಜನ ಉಣ್ಣುತ್ತಿದ್ದರು, ಗಂಟೆ ಒಂದೂಕಾಲು. ತಿಮ್ಮಣ್ಣ ಎದ್ದ. ಅವನನ್ನು ಯಾರೂ ಎಬ್ಬಿಸಿರಲಿಲ್ಲ.