ರಂಗರಾಜು ಕಳೆದುಕೊಂಡ ತಾತ

ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯ ಗಾರ್ಡ್ ರಂಗರಾಜುವಿನ ಕೈಗೆ ಸಿಕ್ಕಿದ ಡ್ರೈವರುಗಳ ಪಾಡು ದೇವರಿಗೇ ಪ್ರೀತಿ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಗಾಡಿ ಯಾರದು, ಪರ್ಮಿಟ್ಟಿನ ತಾರೀಖು ಯಾವುದು, ಎಲ್ಲವೂ ಬೇಕು. ಒಂದು ದಿನ ಹೆಚ್ಚುಕಡಿಮೆಯಾಗಿದ್ದರೂ ಕೇರಳದ ಲಾರಿಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುವ ಮಹಾನುಭಾವ. ಇಂಥ ಕಟ್ಟುನಿಟ್ಟಿನ ಮನುಷ್ಯ ತೆರಕಣಾಂಬಿಯ ಮನೆಗೆ ಬಂದು ಖಾಕಿ ಬಿಚ್ಚಿದನೆಂದರೆ, ಇಸವಿ ಅನ್ನುವ ಮಾತು ಕೇಳಿದರೇ ಮೈಯೆಲ್ಲ ಉರಿ.

ಕಾರಣ ಅವನ ಮಗಳು ಮೇಘನಾ. ಗುಂಡ್ಲುಪೇಟೆಯಲ್ಲಿ ಬಿ.ಎ.ಗೆ ಸೇರಿದವಳು ಅಪ್ಪನನ್ನು ಒಂದು ಮಾತೂ ಕೇಳದೆ ಇತಿಹಾಸ ತೆಗೆದುಕೊಂಡಿದ್ದಳು. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ವಿಚಾರಿಸಿದರೆ ರಂಗರಾಜು 'ಡಿಗ್ರಿ' ಎಂದು ಹೇಳಿ ಕೆಮ್ಮುತ್ತಿದ್ದ. ಸತ್ತವರ ಸುದ್ದಿ ಓದಿ ಯಾರು ಉದ್ಧಾರವಾಗಿದ್ದಾರೆ, ಯಾವ ರಾಜ ಯಾವಾಗ ಸತ್ತರೆ ನಮಗೇನು, ನಾವೇನು ಅವನ ತಿಥಿ ಮಾಡಬೇಕಾ ಎಂದು ಊಟಕ್ಕೆ ಕೂತಾಗೆಲ್ಲ ಅವಳ ತಲೆ ತಿನ್ನುತ್ತಿದ್ದ. ಹುಡುಗಿ ಮುದ್ದೆ ನುಂಗಿ, ಕೈತೊಳೆದು, ಪುಸ್ತಕ ಹಿಡಿದು ಕೂರುತ್ತಿದ್ದಳು.

ಹೀಗಿರುವಾಗ ರಂಗರಾಜುವಿಗೆ ಜಮೀನಿನ ಆಸೆ ಹತ್ತಿತು. ಅವನ ತಾತ ಸಿದ್ದಯ್ಯನಿಗೆ 1962ರಲ್ಲಿ ಸರ್ಕಾರ ಎರಡೆಕರೆ ಮಂಜೂರು ಮಾಡಿತ್ತು. ತಾತ ಅದನ್ನು ಮಾರಿ, ಅದು ಕೈಯಿಂದ ಕೈಗೆ ಹೋಗಿ, ಈಗ ಅಲ್ಲಿ ಹೊರಗಿನವರು ಶುಂಠಿ ಬೆಳೆಯುತ್ತಿದ್ದರು. ಪರಿಶಿಷ್ಟರಿಗೆ ಕೊಟ್ಟ ಜಮೀನನ್ನು ಸರ್ಕಾರದ ಅಪ್ಪಣೆಯಿಲ್ಲದೆ ಮಾರಿದ್ದರೆ ವಾರಸುದಾರರು ವಾಪಸ್ ಕೇಳಬಹುದು ಎಂದು ಗುಂಡ್ಲುಪೇಟೆಯ ವಕೀಲ ಶಿವಸ್ವಾಮಿ ಹೇಳಿದ ದಿನದಿಂದ ರಂಗರಾಜುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಲೆತಲಾಂತರದಿಂದ ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿದ ಮನೆ ಅದು. ಸಾಯುವುದರೊಳಗೆ ಸ್ವಂತ ಮಣ್ಣಿನಲ್ಲಿ ಒಂದು ಸಾಲು ಅವರೆ ಬಿತ್ತಬೇಕು ಎಂದು ಅವನು ಮನಸಾರೆ ಬಯಸಿದ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ನಗುವಂಥದ್ದು ಆಮೇಲೆ ಆದದ್ದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಆ ಮನೆಯ ಪದ್ಧತಿ. ಸಿದ್ದಯ್ಯನ ಮಗ ಪುಟ್ಟಮಾದು, ಪುಟ್ಟಮಾದುವಿನ ಮಗ ಸಿದ್ದಯ್ಯ, ಅವನ ಮಗ ಮತ್ತೆ ಪುಟ್ಟಮಾದು, ನೆನಪು ಹೋಗುವಷ್ಟು ಹಿಂದಕ್ಕೂ ಹೀಗೇ. ಕೊನೆಯ ಪುಟ್ಟಮಾದು ರಂಗರಾಜುವಿನ ಅಪ್ಪ. ಬಿಳಿಗಿರಿರಂಗನಿಗೆ ಹರಕೆ ಹೊತ್ತು ಹುಟ್ಟಿದ್ದರಿಂದ ಇವನೊಬ್ಬ ಆ ಸರಣಿ ತಪ್ಪಿ ರಂಗರಾಜುವಾದ. ಹಾಗಾಗಿ ಊರಿನ ಹಳೇ ಮರಣ ರಿಜಿಸ್ಟರಿನಲ್ಲಿ 'ಪುಟ್ಟಮಾದುವಿನ ಮಗ ಸಿದ್ದಯ್ಯ' ಎನ್ನುವವರು ಇಬ್ಬರಿದ್ದರು. ಮೊದಲು ಕಣ್ಣಿಗೆ ಬಿದ್ದವನನ್ನೇ ತಾತ ಎಂದು ಒಪ್ಪಿಕೊಂಡ ಪುಣ್ಯಾತ್ಮ, ಆ ನಮೂದಿನ ನಕಲು ಮಾಡಿಸಿಕೊಂಡು ಕುಣಿಯುತ್ತ ಮನೆಗೆ ಬಂದ.

ಮೇಘನಾ ಅದನ್ನು ಓದಿ, ಇವರು ಸತ್ತಿರುವುದು 1931ರಲ್ಲಿ, ಜಮೀನು ಸಿಕ್ಕಿರುವುದು 1962ರಲ್ಲಿ, ಇವರು ನಿಮ್ಮ ತಾತನ ತಾತ ಇರಬೇಕು, ಅಜ್ಜಿಯನ್ನು ಕೇಳೋಣ ಎಂದಳು. ಅಜ್ಜಿ ಪುಟ್ಟಮಾದಮ್ಮ, ರಂಗರಾಜುವಿನ ತಾಯಿ, ಅಲ್ಲೇ ಜಗಲಿಯ ಮೇಲಿದ್ದಳು.

"ಇಸ್ವಿ ಕಟ್ಕಂಡು ನಮ್ಗೇನಾಗ್ಬೇಕಮ್ಮಿ?" ಎಂದ ರಂಗರಾಜು. "ಎಸ್ರು ಅದೇಯ, ಅವ್ರಪ್ಪನ ಎಸ್ರೂ ಅದೇಯ. ನಿನ್ ಕಾಲೇಜ್ ಪಾಠವ ಕಾಲೇಜ್ಲೇ ಬುಟ್ಟು ಬಾ."

ಹೆಬ್ಬೆಟ್ಟು ಒತ್ತುವವರನ್ನು ಕೇಳಿ ಅಫಿಡವಿಟ್ ಬರೆಸುವ ಗತಿ ತನಗೆ ಬಂದಿಲ್ಲ ಎಂದೂ ಸೇರಿಸಿದ. ಮರುದಿನವೇ ಗುಂಡ್ಲುಪೇಟೆಗೆ ಹೋಗಿ, 1931ರಲ್ಲಿ ತೀರಿಕೊಂಡ ಸಿದ್ದಯ್ಯನೇ ತನ್ನ ತಾತ ಎಂದು ಪ್ರಮಾಣ ಮಾಡಿ, ಇಂಗ್ಲಿಷಿನಲ್ಲಿ ರುಜು ಜಡಿದು ಬಂದ. ಶಿವಸ್ವಾಮಿಗೆ ಅವತ್ತು ಕೈತುಂಬ ಕೇಸುಗಳು. ಅವರೂ ಓದಲಿಲ್ಲ.

ಚಾಮರಾಜನಗರದ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಹೆಚ್ಚೇನೂ ಬೆವರು ಸುರಿಸಲಿಲ್ಲ. ಮಂಜೂರಾತಿ ಪತ್ರ, ಮರಣ ದಾಖಲೆಯ ನಕಲು, ಎರಡನ್ನೂ ಕಂದಾಯ ಅಧಿಕಾರಿಯ ಮುಂದೆ ಅಕ್ಕಪಕ್ಕ ಇಟ್ಟರು. ಅಧಿಕಾರಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಏನ್ರೀ ರಂಗರಾಜು, ನಿಮ್ಮ ತಾತ ಸತ್ತು ಮೂವತ್ತೊಂದು ವರ್ಷ ಆದ್ಮೇಲೆ ಎದ್ದು ಬಂದು ಅರ್ಜಿ ಹಾಕಿದ್ರಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು, ಶಿವಸ್ವಾಮಿಯವರ ಸಮೇತ. ಹಾಗಾದರೆ ಇನ್ನೊಬ್ಬ ಸಿದ್ದಯ್ಯ ಇದ್ದಿರಬೇಕು ಸ್ವಾಮಿ ಎಂದು ರಂಗರಾಜು ತೊದಲಿದ. ಆ ಇನ್ನೊಬ್ಬ ಯಾವಾಗ ಸತ್ತ, ಜಮೀನನ್ನು ಯಾವಾಗ ಮಾರಿದ, ಯಾಕೆ ಮಾರಿದ, ಸಾಕ್ಷಿ ಯಾರು ಎಂದು ಅಧಿಕಾರಿ ಒಂದೊಂದಾಗಿ ಕೇಳಿದರು. ದಿನಕ್ಕೆ ನೂರು ಜನರ ಜಾತಕ ವಿಚಾರಿಸುವ ಮನುಷ್ಯ ತಲೆ ಕೆರೆದುಕೊಂಡು ನಿಂತ. ಯಾಕೆ ಎನ್ನುವುದಕ್ಕೆ ಮಾತ್ರ ಏನೋ ಒಂದು ಉತ್ತರ ಹೇಳಿದ.

ಹದಿನೈದು ದಿನಕ್ಕೆ ಆದೇಶ ಕೈಗೆ ಬಂತು. ಅರ್ಜಿದಾರನು ಮಂಜೂರಿದಾರನ ಮೊಮ್ಮಗನೆಂದು ರುಜುವಾತಾಗಿಲ್ಲ, ಅರ್ಜಿ ವಜಾ. ಮೇಲ್ಮನವಿ ಹಾಕಬಹುದು, ಆದರೆ ಪ್ರಮಾಣ ಮಾಡಿ ಒಪ್ಪಿಕೊಂಡ ತಾತನನ್ನು ಈಗ ಬದಲಾಯಿಸುವುದು ಕಷ್ಟ ಎಂದು ಶಿವಸ್ವಾಮಿ ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೇಳಿ ಕಳಿಸಿದರು. ರಂಗರಾಜು ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಬಂದು ತಾಯಿಯ ಮೇಲೆ ಹರಿಹಾಯ್ದ. ಇಬ್ಬರು ಸಿದ್ದಯ್ಯ ಇದ್ದರೆಂದು ಬಾಯಿಬಿಟ್ಟು ಹೇಳಲು ನಿನಗೇನಾಗಿತ್ತು ಎಂದ.

"ನನ್ನ ಕೇಳ್ದೋರ್ ಯಾರ್ಲಾ?" ಎಂದಳು ಪುಟ್ಟಮಾದಮ್ಮ.

ಆಮೇಲೆ ತಡವರಿಸದೆ ಎಲ್ಲವನ್ನೂ ಹೇಳಿದಳು. ಮಾವ ಸಿದ್ದಯ್ಯ ತೀರಿಕೊಂಡಿದ್ದು ರಂಗರಾಜು ಹುಟ್ಟುವ ಎರಡು ವರ್ಷ ಮೊದಲು, ಕಾರ್ತೀಕದಲ್ಲಿ. ಜಮೀನು ಬರೆದುಕೊಟ್ಟಿದ್ದು ಅದಕ್ಕೂ ಎರಡು ವರ್ಷ ಹಿಂದೆ. ಪತ್ರಕ್ಕೆ ಸಾಕ್ಷಿ ಹಾಕಿದವನು ಚಂದಕವಾಡಿಯ ಕುಮಾರಸ್ವಾಮಿ. ಅವನು ಈ ಯುಗಾದಿಯವರೆಗೂ ಬದುಕಿದ್ದ, ಅವನ ನೆನಪೂ ಚೆನ್ನಾಗಿತ್ತು. ಮೇಘನಾ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಯಾಕಜ್ಜಿ ಮಾರಿದರು ಎಂದು ಅವಳೇ ಕೇಳಿದಳು.

"ನಿಮ್ ತಾತನ್ಗೆ, ನಮ್ಮೆಜಮಾನ್ರಿಗೆ, ಕ್ಷಯ ಕಣಮ್ಮಿ. ಇವತ್ತೋ ನಾಳೆಯೋ ಅನ್ನಂಗಾಗಿತ್ತು. ನಮ್ ಮಾವ ಆ ಎರಡೆಕ್ರೆ ಮಾರ್ಬುಟ್ಟು ಮಗನ್ನ ಮೈಸೂರಾಸ್ಪತ್ರೆಗೆ ಎತ್ಕಂಡೋದ್ರು. ಅವ್ರು ಉಳುದ್ರು, ಆಮೇಕೆ ನಿಮ್ಮಪ್ಪ ಉಟ್ದ."

ರಂಗರಾಜು ಗೋಡೆಗೆ ಒರಗಿ ಕೂತುಬಿಟ್ಟ. ಐವತ್ತೆರಡು ವರ್ಷದಲ್ಲಿ ಈ ಮಾತು ಅವನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ತಾತ ಹೆಂಡ ಕುಡಿದು ಜಮೀನು ಕಳೆದ ಎಂದು ಅವನು ಇಷ್ಟು ವರ್ಷ ಊರ ತುಂಬ ಹೇಳಿಕೊಂಡು ಬಂದಿದ್ದ. ಅಧಿಕಾರಿಯ ಮುಂದೆಯೂ ಅದನ್ನೇ ಹೇಳಿದ್ದ. ಕೈಯಲ್ಲಿದ್ದ ಆದೇಶದ ಎರಡನೇ ಪುಟದಲ್ಲಿ, ಸರ್ಕಾರಿ ಮೊಹರಿನ ಸಮೇತ, ಅದು ಅಚ್ಚಾಗಿತ್ತು.