ನಾನು ಕಾಣದ ನೀರಿನ ದಾರಿ

ಎಂಬತ್ತರ ದಶಕದ ನಡುವಿನ ಮಾತು. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು, ಅಂಟಾರ್ಕ್ಟಿಕಕ್ಕೆ ಹೊರಟ ಹಡಗಿನಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ಕರ ಸಹಾಯಕನಾಗಿದ್ದೆ. ದಡ ಇನ್ನೂ ದೂರವಿರುವಾಗಲೇ ಹೆಪ್ಪುಗಟ್ಟಿದ ಕಡಲು ನಮ್ಮನ್ನು ತಡೆಯಿತು. ದಾರಿ ಸಿಗದಿದ್ದರೆ ವಾಪಸ್ ಎಂದು ಕ್ಯಾಪ್ಟನ್ ಹೇಳಿಬಿಟ್ಟಿದ್ದರು.

ಹೆಲಿಕಾಪ್ಟರಿನಿಂದ ಮಂಜುಗಡ್ಡೆ ನೋಡಿ ಬರೆದುಕೊಳ್ಳುವ ಕೆಲಸ ಹವಾಮಾನ ಅಧಿಕಾರಿ ರುದ್ರಪ್ಪನವರದು. ನಮ್ಮ ಕಡೆಯವರೇ, ಮಾಯಸಂದ್ರದವರು. ಕಾಣುವ ಕಡಲನ್ನು ಹತ್ತು ಪಾಲು ಮಾಡಿಕೊಂಡು, ಅದರಲ್ಲಿ ಎಷ್ಟು ಪಾಲು ಮಂಜುಗಡ್ಡೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಹೊಸತು ಯಾವುದು, ಹಳತು ಯಾವುದು ಎಂಬುದು ಅವರಿಗೆ ಬಣ್ಣ ನೋಡಿದರೇ ತಿಳಿಯುತ್ತಿತ್ತು. ನಾನು ತೆಂಗಿನ ತೋಟಕ್ಕೆ ಒಂದು ಸುತ್ತು ಹಾಕಿ ಕಾಯಿ ಅಂದಾಜು ಹೇಳುವ ಮನೆಯವನು ಎಂದು ಅವರೆದುರು ಕೊಚ್ಚಿಕೊಂಡಿದ್ದೆ. “ಹಂಗಾದ್ರೆ ಎಡಗಡೆ ಕಿಟಕಿ ನಿಂದು, ಬಾರ್ಲಾ” ಎಂದು ಕರೆದುಕೊಂಡರು.

ಹಿಂದಿನ ದಿನ ಕಪ್ಪು ಕನ್ನಡಕ ತೆಗೆದಿಟ್ಟು ಡೆಕ್ಕಿನ ಮೇಲೆ ಕೆಲಸ ಮಾಡಿದ್ದೆ. ಮಂಜುಗಡ್ಡೆಯ ಮೇಲಿಂದ ಚಿಮ್ಮುವ ಬಿಸಿಲಿಗೆ, ಹಾರುವ ಹೊತ್ತಿಗೆ ಕಣ್ಣಿಗೆ ಮರಳು ಹಾಕಿ ತಿಕ್ಕಿದಂಥ ಉರಿ. ಹೇಳಿದರೆ ಬಿಟ್ಟುಹೋಗುತ್ತಾರೆಂದು ಸುಮ್ಮನಿದ್ದೆ. ಮೇಲೆ ಹೋದಮೇಲೆ ರೆಪ್ಪೆ ತೆರೆಯಲೇ ಆಗಲಿಲ್ಲ. ನಿನ್ನ ಕಡೆ ಎಷ್ಟು ಎಂದು ಅವರು ಕೇಳಿದರು. ಅಂದಾಜು ಕೇಳಿದಾಗ ಗೊತ್ತಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಅವಮಾನ.

“ಹತ್ತಕ್ಕೆ ಹತ್ತು ಸಾರ್. ದಾರಿ ಇಲ್ಲ” ಎಂದೆ.

ಅವರು ನನ್ನತ್ತ ತಿರುಗಿದ್ದು ಗೊತ್ತಾಯಿತು. ನನ್ನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಇಂಧನ ಕಡಿಮೆಯಿದೆ ಎಂದ ಪೈಲಟ್ಟನ್ನು ಒಪ್ಪಿಸಿ ಇನ್ನೊಂದು ಸುತ್ತು ಹಾಕಿಸಿದರು. ನನ್ನ ಮೇಲೆ ಒರಗಿ ನನ್ನ ಕಿಟಕಿಯಿಂದ ತಾವೇ ನೋಡಿದರು. ಆಮೇಲೆ ಮೆಲ್ಲಗೆ, “ಅಗೋ, ನೀರು” ಎಂದರು. ಮರುದಿನ ನಮ್ಮ ಹಡಗು ಮಂಜುಗಡ್ಡೆಯ ನಡುವಿನ ಆ ನೀರಿನ ಸೀಳಿನಲ್ಲೇ ಸಾಗಿ ದಡ ಮುಟ್ಟಿತು.

ಇಳಿದ ಮೇಲೆ ಅವರು ಬೈಯಲಿಲ್ಲ. ನನ್ನ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟುತ್ತಾ, “ಕಾಣ್ಲಿಲ್ಲ ಅಂದಿದ್ರೆ ನಾನೇ ನೋಡ್ತಿದ್ದೆ ಕಣಪ್ಪ. ನಿನ್ನ ಮಾತು ನಂಬ್ಕೊಂಡಿದ್ರೆ ಹಡಗೇ ವಾಪಸ್ ಹೋಗೋದು” ಎಂದಷ್ಟೇ ಹೇಳಿದರು.

ನಮ್ಮಿಬ್ಬರ ಕನ್ನಡ ಪೈಲಟ್ಟಿಗೆ ತಿಳಿಯದು. ದಾರಿ ಸಿಕ್ಕಿದ್ದು ಎಡಗಡೆ, ಆ ಕಿಟಕಿ ನನ್ನದು. ಹಾಗಾಗಿ ದಾರಿ ಕಂಡವನು ನಾನೇ ಎಂದುಕೊಂಡು, ನನ್ನ ಕಣ್ಣಿನ ಬಟ್ಟೆ ಬಿಚ್ಚಿದ ದಿನ ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದರು. ರುದ್ರಪ್ಪನವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಬಾಯಿ ಬಿಡಲಿಲ್ಲ. ಊರಿಗೆ ಬಂದಾಗ ನಾನು ಓದಿದ ಶಾಲೆಯಲ್ಲಿ ಹಾರ ಹಾಕಿದರು. ಹಾಕಿಸಿಕೊಂಡೆ.

ಹೋದ ವರ್ಷ ರುದ್ರಪ್ಪನವರು ತೀರಿಕೊಂಡರು. ಮಾಯಸಂದ್ರಕ್ಕೆ ಹೋಗಿ ಅವರ ಮಗಳ ಮುಂದೆ ಎಲ್ಲವನ್ನೂ ಹೇಳಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ.

“ದಾರಿ ಸಿಕ್ಕಿದ್ ಕತೆ ನಮ್ಮಪ್ಪ ಎಷ್ಟೋ ಸಲ ಹೇಳವ್ರೆ ಕಣ್ರೀ. ಯಾರು ಕಂಡಿದ್ದು ಅಂತ ಕೇಳಿದ್ರೆ ಮಾತ್ರ, ಆ ತಿಪಟೂರು ಹುಡ್ಗನೇ ಒಂದಿನ ಬಂದು ಹೇಳ್ತಾನೆ ಬುಡು ಅಂತಿದ್ರು.”

ಅಷ್ಟು ನಂಬಿಕೆ ಇಟ್ಟು ಕಾದಿದ್ದ ಮನುಷ್ಯ ಬದುಕಿರುವಾಗ ನಾನು ಹೋಗಲಿಲ್ಲ.