ಬ್ಯಾಟರಿ ಇಲ್ಲದ ಕಂಬದ ದೀಪ

ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಮ್ಮ ವ್ಯಾನಿನ ಬ್ಯಾಟರಿಯ ವೋಲ್ಟೇಜನ್ನು ದಿನವೂ ಪುಸ್ತಕದಲ್ಲಿ ಬರೆದಿಡುವವಳು ನಾನು. ಆ ರಾತ್ರಿಯದ್ದೂ ಅದರಲ್ಲಿದೆ.

ನಮ್ಮ ಯಜಮಾನರು ಹಳ್ಳಿಗಳ ಸೋಲಾರ್ ಬೀದಿದೀಪ ರಿಪೇರಿ ಮಾಡುತ್ತಿದ್ದವರು. ಆ ಕೆಲಸ ಬಿಟ್ಟ ಮೇಲೆ ಹಳೆಯ ವ್ಯಾನಿಗೆ ಮಂಚ, ಒಲೆ ಹೊಂದಿಸಿ, ಮೇಲೆ ಪ್ಯಾನೆಲ್ ಕೂರಿಸಿ, ನನ್ನನ್ನೂ ಕರೆದುಕೊಂಡು ಊರೂರು ಸುತ್ತತೊಡಗಿದರು. ನಿದ್ದೆಯಲ್ಲಿ ಅವರಿಗೆ ಉಸಿರು ನಿಲ್ಲುತ್ತದೆ. ಮೂಗಿಗೆ ಗಾಳಿ ಊದುವ ಮೆಷಿನ್ ರಾತ್ರಿಯಿಡೀ ಓಡಬೇಕು. ಅದು ಓಡುವುದು ಪ್ಯಾನೆಲ್ಲಿನಿಂದ ತುಂಬುವ ಬ್ಯಾಟರಿಯಿಂದ; ಎಂಜಿನ್ನಿನದು ಬೇರೆ. ಅದಕ್ಕೇ ಆ ಪುಸ್ತಕ.

ಕಳೆದ ಮಾಗಿಯಲ್ಲಿ ಮಧುಗಿರಿಯಿಂದ ಪಾವಗಡದ ಕಡೆ ಹೊರಟಿದ್ದೆವು. ಬಲಸಮುದ್ರ ದಾಟಿದ ಮೇಲೆ ಒಂದು ಸಣ್ಣ ಹಟ್ಟಿ. ಹೊತ್ತು ಮುಳುಗುತ್ತಿತ್ತು.

"ಇಲ್ಲಿ ಬ್ಯಾಡ ಕಣೆ, ಮುಂದಕ್ಕೆ ಹೋಗಣ" ಅಂದರು.

ಹುಣಸೆಮರವಿತ್ತು, ಪಕ್ಕದಲ್ಲೇ ನಲ್ಲಿಯಿತ್ತು. ನಾನು ಅವರ ಮಾತು ಕೇಳಲಿಲ್ಲ, ಅಲ್ಲೇ ತಂಗಿದೆವು.

ನಲ್ಲಿಯ ಹತ್ತಿರ ಒಂದು ಸೋಲಾರ್ ಕಂಬ. ಅದರ ಬ್ಯಾಟರಿ ಪೆಟ್ಟಿಗೆಯ ಬಾಗಿಲು ಜೋತಾಡುತ್ತಿತ್ತು, ಒಳಗೆ ಬರೀ ಜೇಡನ ಬಲೆ. ನೀರಿಗೆ ಬಂದ ಮುದುಕಿಯನ್ನು ಕೇಳಿದೆ, "ದೀಪ ಹತ್ತಲ್ವೇನಮ್ಮ?"

"ಯಾವನೋ ಬ್ಯಾಟ್ರಿ ಎತ್ಕೊಂಡೋದ ಕಣಮ್ಮ. ವಾರಕ್ಕೇ ನನ್ ಮಗಳು ಕತ್ಲಾಗೆ ನೀರಿಗೆ ಬಂದ್ಲು. ಹಾವು ಮುಟ್ಬುಡ್ತು." ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡಳು. "ಮೂರು ಹಿಡಿ ಮಣ್ಣು ತೂರಿವ್ನಿ. ಎತ್ಕೊಂಡೋದೋನ ಉಸ್ರೂ ಇಂಗೇ ಕತ್ಲಾಗೆ ನಿಲ್ಬೇಕು."

ರಾತ್ರಿ ಯಜಮಾನರು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟರು.

"ಸಾರಿಗೆ ಉಪ್ಪು ಕಮ್ಮಿಯಾಯ್ತೇನ್ರೀ?"

"ಇಲ್ಲ ಕಣೆ. ಮಲಕ್ಕೊ."

ಮೀಟರ್ ಹಿಡಿದು ಬರೆದೆ: ಹನ್ನೆರಡು ಪಾಯಿಂಟ್ ಏಳು. ತುಂಬಿದ ಬ್ಯಾಟರಿ.

ಯಾವ ಹೊತ್ತೋ... ವ್ಯಾನಿನ ಮೇಲೆ ಸರ್ರ್ ಅಂದಿತು. ಯಾರೋ ಹಿಡಿ ಮಣ್ಣು ಎರಚಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರ್ರ್... ಮೂರನೆಯದರ ಜೊತೆಗೇ ಮೆಷಿನ್ನಿನ ಸದ್ದು ನಿಂತಿತು.

ವ್ಯಾನಿನ ತುಂಬ ಹಸಿ ಮಣ್ಣಿನ ವಾಸನೆ.

ಅವರ ಎದೆ ಏಳುತ್ತಿರಲಿಲ್ಲ. ಮೂಗಿನ ಕೊಳವೆ ಕಿತ್ತೆ, ಅಲುಗಾಡಿಸಿದೆ, ಕೆನ್ನೆಗೆ ಹೊಡೆದೆ. ನೀಲಿಗಟ್ಟಿದ ತುಟಿ ಚೆನ್ನಾಗಿಯೇ ಕಾಣುತ್ತಿತ್ತು... ದೀಪವಿಲ್ಲದ ವ್ಯಾನಿಗೆ ಬೆಳಕು ಎಲ್ಲಿಂದ ಬಂತು?

ಹೊರಗೆ ಕಂಬದ ದೀಪ ಉರಿಯುತ್ತಿತ್ತು. ಕೆಳಗೆ ಆ ಖಾಲಿ ಪೆಟ್ಟಿಗೆ. ನಲ್ಲಿಯ ಕೆಳಗೆ ಬಿಂದಿಗೆ ತುಂಬುವ ಸದ್ದು... ಅಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಅವರು ಗೊರ್ರೆಂದು ಉಸಿರೆಳೆದುಕೊಂಡರು. ಕಿಟಕಿಯಾಚೆ ನೋಡಿದರು.

"ಆ ಬ್ಯಾಟ್ರಿ ಬಿಚ್ಚಿದ್ದು ನಾನೇ ಕಣೆ" ಅಂದರು ಪಿಸುದನಿಯಲ್ಲಿ. "ನಮ್ ವ್ಯಾನಲ್ಲಿರೋದು ಅದೇ."

ಮತ್ತೆ ಮೀಟರ್ ಹಿಡಿದೆ. ಸೊನ್ನೆ.

ಬೆಳಿಗ್ಗೆ ನೋಡಿದರೆ ಪ್ಯಾನೆಲ್ ಮೇಲೆ ಮೂರು ಗುಪ್ಪೆ ಕೆಂಪು ಮಣ್ಣು. ಅವರು ಬ್ಯಾಟರಿ ಹೊತ್ತು ಪೆಟ್ಟಿಗೆಯಲ್ಲಿಟ್ಟರು. ಮುದುಕಿಯ ಮುಂದೆ ಕೈಮುಗಿದು ನಿಂತು ಎಲ್ಲ ಹೇಳಿದರು. ಅವಳು ಕಂಬದ ಕಡೆ ತಿರುಗಿಯೂ ನೋಡಲಿಲ್ಲ.

"ಈಗ ಬೆಳಕು ಕೊಟ್ರೆ ಯಾರನ್ನ ನೋಡ್ಲಪ್ಪ? ತೂರಿದ ಮಣ್ಣ ಆಯ್ಕಣಾಕೆ ನಂಗೆ ಬರಲ್ಲ. ಬಂದ್ರೂ ಆಯ್ಕಣಲ್ಲ."

ಅಂದಿನಿಂದ ವ್ಯಾನ್ ಮನೆ ಮುಂದೆ ನಿಂತೇ ಇದೆ. ಮೆಷಿನ್ ಈಗ ಮನೆಯ ಕರೆಂಟಿನಲ್ಲಿ ಓಡುತ್ತದೆ.

ಇಷ್ಟು ದಿನ ಏನೂ ಆಗಿರಲಿಲ್ಲ. ನಿನ್ನೆ ರಾತ್ರಿ ನಮ್ಮ ಹೆಂಚಿನ ಮೇಲೆ ಸರ್ರ್ ಅಂದಿತು... ಎರಡು ಸಲ.

ಮೂರನೆಯದು ಇನ್ನೂ ಆಗಿಲ್ಲ. ಅವರು ಮಲಗಿದ್ದಾರೆ. ಒಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಇನ್ನೊಂದು ಕೈ ಅವರ ಎದೆಯ ಮೇಲಿದೆ...